ಸರದಾರನ ಗಂಟೆ ಮತ್ತು ಗಿಡುಗನ ಪಟ್ಟು

ಮಾಳಿಂಗರಾಯನ ಮನೆಯಲ್ಲಿ ನಿದ್ದೆಯ ಹಂಚಿಕೆ ನ್ಯಾಯವಾಗಿ ಆಗಿರಲಿಲ್ಲ. ಇದ್ದಬದ್ದ ನಿದ್ದೆಯೆಲ್ಲ ಮಗನ ಪಾಲಿಗೆ ಬಂದಿತ್ತು. ತಾಯಿ ಬೋರವ್ವನ ಪಾಲಿಗೆ ಒಂದು ಆಕಳಿಕೆಯೂ ಉಳಿದಿರಲಿಲ್ಲ.

ಮಾಳಿಂಗರಾಯ ಮುಧೋಳದ ದನದ ಸಂತೆಗೆ ಹೋಗುವ ದಾರಿಯಲ್ಲಿ ಹಗ್ಗ, ಮೂಗುದಾರ, ಗೆಜ್ಜೆ, ಗಂಟೆ, ಕಂಬಳಿ ಮಾರುವ ಅಂಗಡಿ ಇಟ್ಟಿದ್ದ. ಅಂಗಡಿ ಇಟ್ಟಿದ್ದ ಎನ್ನುವುದಕ್ಕಿಂತ ಅಂಗಡಿಯಲ್ಲಿ ಮಲಗಿದ್ದ ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ. ಊಟವಾದ ಮೇಲೆ ಕಂಬಳಿಯ ರಾಶಿಗೆ ಬೆನ್ನು ತಾಗಿತೆಂದರೆ ಆತ ಈ ಲೋಕದ ವ್ಯವಹಾರದಿಂದ ನಿವೃತ್ತನಾಗುತ್ತಿದ್ದ. ಗಿರಾಕಿಗಳು ತಾವೇ ಹಗ್ಗ ಅಳೆದುಕೊಂಡು, ದುಡ್ಡನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿ ಹೋಗುತ್ತಿದ್ದರು. ಎಚ್ಚರವಾದ ಮೇಲೆ ಮುಷ್ಟಿ ಬಿಚ್ಚಿ ನೋಡಿ, ಇವತ್ತಿನ ವ್ಯಾಪಾರ ಹೇಗಾಯಿತು ಎಂಬುದನ್ನು ಆತ ತಿಳಿದುಕೊಳ್ಳುತ್ತಿದ್ದ. ಮುಧೋಳದ ಜನ ಒಳ್ಳೆಯವರು, ಅದಕ್ಕೇ ಅಂಗಡಿ ಇನ್ನೂ ಉಳಿದಿತ್ತು.

ಬೋರವ್ವ ಮಾತ್ರ ಪಡಸಾಲೆಯ ಮೂಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಆಕೆ ಕುರಿಯ ಹಿಂಡಿನ ಬದಿಯಲ್ಲೇ ಹುಟ್ಟಿ, ಹಿಂಡಿನ ಬದಿಯಲ್ಲೇ ಮದುವೆಯಾಗಿ, ಹಿಂಡಿನ ಬದಿಯಲ್ಲೇ ಮಕ್ಕಳನ್ನು ಹೆತ್ತವಳು. ಅನಗವಾಡಿಯ ಹೊಳೆದಂಡೆ, ಬೀಳಗಿಯ ಗುಡ್ಡ, ಲೋಕಾಪುರದ ಕೊಯ್ದು ಬಿಟ್ಟ ಹೊಲಗಳು, ಹೀಗೆ ವರ್ಷವಿಡೀ ನಡೆದವಳು. ಆಕೆಯ ಗಂಡ ಭೀಮಶಿಯ ಹಿಂಡಿಗೆ ಸರದಾರ ಎಂಬ ಟಗರು ಮುಂದಾಳು. ಅದರ ಕೊರಳಲ್ಲಿ ಒಂದು ಕಂಚಿನ ಗಂಟೆ. ಆ ಗಂಟೆ ನಿಧಾನಕ್ಕೆ ಟಣ್, ಟಣ್ ಎನ್ನುತ್ತಿದ್ದರೆ ಹಿಂಡು ಸುಖವಾಗಿದೆ ಎಂದರ್ಥ, ಬೋರವ್ವ ಮಲಗಬಹುದು. ಗಂಟೆ ನಿಂತರೆ ಏನೋ ಆಗಿದೆ ಎಂದರ್ಥ, ಏಳಬೇಕು. ಭೀಮಶಿಗೆ ಮೊಣಕಾಲು ನೋವು ಬಂದು ಹಿಂಡು ಮಾರಿದಾಗ ಸರದಾರನ ಜೊತೆಗೆ ಗಂಟೆಯೂ ಹೋಯಿತು. ಆಮೇಲೆ ಭೀಮಶಿಯೂ ಹೋದ. ಗಂಟೆ ನಿಂತೇ ಇತ್ತು, ಬೋರವ್ವ ಎದ್ದೇ ಇದ್ದಳು.

ಮಗ ಅಂಗಡಿಯಲ್ಲಿದ್ದ ಹೊಸ ಗಂಟೆಗಳನ್ನೆಲ್ಲ ಒಂದೊಂದಾಗಿ ತಂದು ಬಾರಿಸಿ ನೋಡಿದ.

"ಇದು ಡಬ್ಬಿ ಬಡದಂಗ ಐತಿ," ಎಂದಳು ಬೋರವ್ವ. ಇನ್ನೊಂದು ತಂದ. "ಇದು ಸಾಲಿ ಬಿಟ್ಟಂಗ ಆತು." ಮತ್ತೊಂದು ತಂದ. "ಇದು ಐಸ್‌ಕ್ರೀಮ್ ಗಾಡಿಯವಂದು. ಕೊಟ್ಟ ಬಾ ಅವಗ, ಪಾಪ."

ಹೀಗಿರುವಾಗ ಒಂದು ಮಧ್ಯಾಹ್ನ ಮಾಳಿಂಗರಾಯ ಮನೆಯ ಪಡಸಾಲೆಯಲ್ಲಿ ಮಲಗಿ ಫೋನು ನೋಡುತ್ತಿದ್ದ. ಹಳೆಯ ಸಾಮಾನುಗಳನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಡುವ ಯಾವುದೋ ಜಾಲತಾಣ. ಅದರಲ್ಲಿ ಪುಣೆಯ ಒಬ್ಬ ವ್ಯಾಪಾರಿ ಒಂದು ಗಂಟೆಯ ಚಿತ್ರ ಹಾಕಿದ್ದ. ಅದರ ಅಂಚಿನಲ್ಲಿ ಒಂದು ಚೂರು ಹಾರಿಹೋಗಿತ್ತು. ಮಾಳಿಂಗರಾಯ ಎದ್ದು ಕೂತ. ಲೋಕಾಪುರದ ಹೊರಗೆ ರಸ್ತೆ ಬದಿಯ ಮೈಲಿಗಲ್ಲನ್ನು ಇನ್ನೊಂದು ಟಗರು ಎಂದು ತಿಳಿದು ಸರದಾರ ಹಾಯ್ದಾಗ ಹಾರಿದ ಚೂರದು. ಕಲ್ಲಿಗೆ ಏನೂ ಆಗಿರಲಿಲ್ಲ. ಚಿತ್ರದ ಕೆಳಗೆ ಒಂದು ಪುಟ್ಟ ವಿಡಿಯೋ ಇತ್ತು, ಒತ್ತಿದ.

ಟಣ್. ಟಣ್. ಟ-ಟಣ್.

ಮೂಲೆಯಿಂದ ಬೋರವ್ವನ ದನಿ ಬಂತು. "ಮಾಳ್ಯಾ, ಸರದಾರ ಬಂದಾನಲ್ಲೋ. ಹಿತ್ತಲದಾಗ ಬಿಟ್ಟು ಬಾಗಲಾ ಹಾಕು." ಅಷ್ಟು ಹೇಳಿ ಆಕೆ ಕಣ್ಣು ಮುಚ್ಚಿದಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಬೋರವ್ವನ ಗೊರಕೆ ಕೇಳಿಸಿತು. ಮಾಳಿಂಗರಾಯನಿಗೆ ಅಳು ಬಂತು. ಅಳುತ್ತಳುತ್ತ ಅವನೂ ಮಲಗಿಬಿಟ್ಟ.

ಆದರೆ ಫೋನಿನ ಗಂಟೆ ಬಹಳ ದಿನ ನಡೆಯಲಿಲ್ಲ. ವಿಡಿಯೋ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವುದನ್ನು ಬೋರವ್ವ ಹಿಡಿದುಬಿಟ್ಟಳು. "ಅಲ್ಲೋ, ಇವ ನಿನ್ನಿಯಿಂದ ಅದs ಒಂದ ಗಿಡಾ ಮೇಯಾಕತ್ತಾನ. ಕಾಲಿಗೆ ಏನರ ಆಗೇತೇನ ನೋಡು," ಎಂದು ಎದ್ದು ಕೂರತೊಡಗಿದಳು. ಖರೆ ಗಂಟೆಯೇ ಬೇಕು ಎಂದು ಮಾಳಿಂಗರಾಯ ಅಂದೇ ತೀರ್ಮಾನಿಸಿದ.

ಗಂಟೆಗೆ ಕಟ್ಟುನಿಟ್ಟಾದ ಬೆಲೆ ಇರಲಿಲ್ಲ. ಅಮಾವಾಸ್ಯೆಯ ದಿನ ಮಧ್ಯಾಹ್ನ ಸವಾಲು ಮುಗಿಯುವ ಹೊತ್ತಿಗೆ ಯಾರ ಬೆಲೆ ಹೆಚ್ಚೋ ಅವರಿಗೆ ಗಂಟೆ. ಇಂಥ ಸವಾಲು ಗೆಲ್ಲುವುದು ಹೇಗೆ ಎಂದು ಕಲಿಸುವ ಒಂದು ವಿಡಿಯೋವನ್ನು ಮಾಳಿಂಗರಾಯ ಹುಡುಕಿ ನೋಡಿದ. ಅದರಲ್ಲಿ ಮೂರು ಗುಟ್ಟುಗಳಿದ್ದವು. ಮೊದಲನೆಯದು, ನಿನ್ನ ಕಟ್ಟಕಡೆಯ ಬೆಲೆ ಎಷ್ಟೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೋ, ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಬೇಡ. ಎರಡನೆಯದು, ಮೊದಲೇ ಕೂಗಿ ಬೆಲೆ ಏರಿಸಬೇಡ, ಸವಾಲು ಮುಗಿಯಲು ಉಸಿರೆಳೆಯುವಷ್ಟು ಹೊತ್ತು ಉಳಿದಾಗ ಮೇಲಿಂದ ಎರಗು, ಬೇರೆಯವರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮುಗಿದಿರಬೇಕು. ಇದಕ್ಕೆ ಮಾಳಿಂಗರಾಯ ತಾನೇ 'ಗಿಡುಗನ ಪಟ್ಟು' ಎಂದು ಹೆಸರಿಟ್ಟ. ಮೂರನೆಯ ಗುಟ್ಟು ಶುರುವಾಗುವ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತ್ತು.

ಕಟ್ಟಕಡೆಯ ಬೆಲೆ ಎಷ್ಟಿರಬೇಕು? ಇದು ಅವನನ್ನು ಎರಡು ದಿನ ಕಾಡಿತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಬೇರೆಯವರು ಒಯ್ದರೆ ಹೊಟ್ಟೆ ಉರಿಯಬಾರದು, ಅಷ್ಟೂ ಕೊಟ್ಟು ತಂದರೆ ಹೆಂಡತಿ ಪದ್ಮವ್ವ ಮನೆಯೊಳಗೆ ಬಿಟ್ಟುಕೊಳ್ಳಬೇಕು. ಅಂಗಡಿಗೆ ಹೊಸ ಬೋರ್ಡು ಬರೆಸಲು ಮೂರು ಸಾವಿರ ತೆಗೆದಿಟ್ಟಿದ್ದ. ಬೋರ್ಡು ಇಲ್ಲದೆಯೂ ಅಂಗಡಿ ಗುರುತು ಸಿಗುತ್ತಿತ್ತು, ಗೊರಕೆ ಕೇಳಿದರೆ ಸಾಕು. ಮೂರು ಸಾವಿರವೇ ಸರಿ ಎಂದು ನಿಶ್ಚಯವಾಯಿತು. ಆ ಅಂಕಿ ಬರೆದರೆ ಹೇಗೆ ಕಾಣುತ್ತದೆ ನೋಡೋಣವೆಂದು ಫೋನಿನ ಚೌಕದಲ್ಲಿ ಬರೆದ. ಚೆಂದ ಕಂಡಿತು. ನೋಡುತ್ತ ನೋಡುತ್ತ ಕಣ್ಣು ಎಳೆಯಿತು, ಹೆಬ್ಬೆರಳು ಮಾತ್ರ ಗುಂಡಿಯ ಮೇಲೆ ಉಳಿಯಿತು.

ಎಚ್ಚರವಾದಾಗ ಪರದೆಯ ಮೇಲೆ ಹಸಿರು ಅಕ್ಷರಗಳಿದ್ದವು: ಸದ್ಯಕ್ಕೆ ನಿಮ್ಮದೇ ಹೆಚ್ಚಿನ ಬೆಲೆ, ನಾನೂರೈವತ್ತು. ಮಾಳಿಂಗರಾಯ ಬೆವತುಹೋದ. ಮೂರು ಸಾವಿರ ತಿಂದು ಯಂತ್ರ ನಾನೂರೈವತ್ತು ಉಗುಳಿತ್ತು! ಎರಗುವ ಮೊದಲೇ ಗಿಡುಗ ಕೂಗಿಬಿಟ್ಟಿತ್ತು! ಹಿಂದೆಗೆಯಲು ದಾರಿ ಹುಡುಕಿದ, ಸಿಗಲಿಲ್ಲ. ಇರಲಿ, ಯಂತ್ರ ತಪ್ಪು ಕೇಳಿಸಿಕೊಂಡಿದೆ, ಕೊನೆಗೆ ಸರಿಯಾಗಿ ಮತ್ತೊಮ್ಮೆ ಹೇಳೋಣ ಎಂದು ಸಮಾಧಾನ ಮಾಡಿಕೊಂಡು ಈ ಅವಮಾನವನ್ನು ಗುಟ್ಟಾಗಿಟ್ಟ.

ಆ ಸಂಜೆ ಅಂಗಡಿಗೆ ಬಾಳಾಸಾಹೇಬ ಬಂದ. ಪದ್ಮವ್ವನ ತಮ್ಮ, ದನದ ಸಂತೆಯ ದಲಾಲಿ. ದಿನವಿಡೀ ಎತ್ತಿನ ವ್ಯಾಪಾರ ಕುದುರಿಸುವವನು. ಅವನ ಹೆಗಲ ಮೇಲಿನ ಟವೆಲ್ಲು ಮೈ ಒರೆಸಲು ಅಲ್ಲ. ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಬೇಕು, ಅದು ಇಬ್ಬರ ನಡುವೆಯೇ ಉಳಿಯಬೇಕು.

"ಏನ್ರಿ ಮಾವಾರ, ಇವತ್ತ ಎಚ್ಚರ ಇದ್ದೀರಿ? ಮೈಯಾಗ ಆರಾಮ ಇಲ್ಲೇನ?"

"ಒಂದ ಸವಾಲ ಹಿಡದೇನೋ, ಫೋನಿನಾಗ."

"ಏನ ಮಾಲು?"

"ಹೇಳಂಗಿಲ್ಲ."

"ಎಷ್ಟರ ತನಕಾ ಹೋಗವರು?"

"ಬಾಯಿಬಿಟ್ಟ ಹೇಳಬಾರದು ಅಂತ ನೇಮ ಐತಿ."

ಬಾಳಾಸಾಹೇಬ ಸುಮ್ಮನೆ ಟವೆಲ್ಲು ತೆಗೆದು ಇಬ್ಬರ ಕೈಯ ಮೇಲೆ ಹಾಸಿದ. ಇದರಲ್ಲಿ ಬಾಯಿ ಬಿಡುವ ಪ್ರಶ್ನೆಯೇ ಇಲ್ಲವಾದ್ದರಿಂದ ನೇಮಕ್ಕೆ ಭಂಗವಿಲ್ಲ ಎಂದು ಮಾಳಿಂಗರಾಯ ಯೋಚಿಸಿದ. ಮೂರು ಬೆರಳು ಹಿಡಿದು ಒತ್ತಿದ.

ಬಾಳಾಸಾಹೇಬನ ಹುಬ್ಬು ಮೇಲೇರಿತು. "ಮೂರs?"

"ಮೂರು."

"ಪೂರಾ?"

"ಪೂರಾ. ಅದರಾಗ ಒಂದೂ ಕಮ್ಮಿ ಇಲ್ಲ."

ಬೆರಳಿಗೆ ಎಷ್ಟು ಎಂಬುದನ್ನು ಟವೆಲ್ಲಿನ ಕೆಳಗೆ ಯಾರೂ ಕೇಳುವುದಿಲ್ಲ. ಅದು ಮಾಲು ನೋಡಿದರೆ ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಮಾಲೇ ಕಾಣುತ್ತಿರಲಿಲ್ಲ. ಬಾಳಾಸಾಹೇಬ ಬೆಳಿಗ್ಗೆಯಷ್ಟೇ ಒಂದು ಜೋಡಿ ಕಿಲಾರಿ ಎತ್ತು ಮಾರಿಸಿ ಬಂದಿದ್ದ, ಅವನ ಲೆಕ್ಕದಲ್ಲಿ ಬೆರಳು ಅಂದರೆ ಲಕ್ಷ. ಎದ್ದು ನಿಂತು ಅಕ್ಕನ ಗಂಡನಿಗೆ ನಮಸ್ಕಾರ ಮಾಡಿದ. ಮೊದಲೆಂದೂ ಮಾಡಿದ್ದಿಲ್ಲ.

ಟವೆಲ್ಲಿನ ಕೆಳಗಿನ ಗುಟ್ಟು ಗಿರಣಿ ಗುರುಬಸವ್ವನ ತನಕ ತಲುಪಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಪಕ್ಕದ ಮನೆಯ ಗುರುಬಸವ್ವ ಓಣಿಗೆಲ್ಲ ಜೋಳ ಬೀಸಿಕೊಡುವವಳು. ಹಿಟ್ಟಿನ ಜೊತೆಗೆ ಸುದ್ದಿಯನ್ನೂ ಬಿಸಿಬಿಸಿಯಾಗಿ ಡಬ್ಬಿ ತುಂಬಿ ಕಳಿಸುವುದು ಆಕೆಯ ಪದ್ಧತಿ. ಮರುದಿನ ಮಾಳಿಂಗರಾಯ ಮೂರು ಲಕ್ಷ ಕೊಟ್ಟು ಏನೋ ಕೊಳ್ಳುತ್ತಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಮಾಳಿಂಗರಾಯನೊಬ್ಬನನ್ನು ಬಿಟ್ಟು.

ದಿನಾ ಇಪ್ಪತ್ತು ರೂಪಾಯಿ ಒಯ್ಯುವ ಪಿಗ್ಮಿ ಏಜೆಂಟ್ ಸಂಜಯ ಅಂದು ಚಪ್ಪಲಿ ಬಿಚ್ಚಿ ಅಂಗಡಿಯೊಳಗೆ ಬಂದ. ಅವನ ಹಿಂದೆಯೇ ಹೊಲಮನೆಗಳ ದಾಖಲೆ ಇಡುವ ತಲಾಟಿ ಶಿವಯೋಗಿಯವರು ಬಂದರು. ಅವರು ತಾವಾಗಿ ಯಾರ ಬಾಗಿಲಿಗೂ ಬಂದದ್ದನ್ನು ಮುಧೋಳ ಕಂಡಿರಲಿಲ್ಲ.

"ಮಾಳಿಂಗರಾಯರ, ಹೊಲಾ ಎಲ್ಲಿ ಹಿಡದೀರಿ? ಅನಗವಾಡಿ ಕಡೆ ಆದ್ರ ಹುಷಾರ್ರಿ, ಹೊಳಿ ನೀರ ಬರತೈತಿ."

"ಹೊಲಾ ಅಲ್ರಿ ಸಾಹೇಬ್ರ."

"ಪ್ಲಾಟೇನ?"

"ಅಲ್ರಿ."

"ಹಂಗಾರ ಏನ ಅದು? ನನಗರ ಹೇಳ್ರಿ, ಸರಕಾರದಾವ ಅದೇನಿ."

"ಹೇಳಾಕ ಬರೂದಿಲ್ರಿ. ಮುಗದ ಮ್ಯಾಲ ಎಲ್ಲಾರಿಗೂ ಕೇಳಸತೈತಿ," ಎಂದು ಮಾಳಿಂಗರಾಯ ಅರೆಗಣ್ಣಿನಲ್ಲಿ ಮುಗುಳ್ನಕ್ಕ. ಅವನು ಹೇಳಿದ್ದು ಗಂಟೆಯ ದನಿಯನ್ನು. ತಲಾಟಿಯವರು ಏನು ತಿಳಿದುಕೊಂಡರೋ, ಹೋಗುವಾಗ ಬಾಗಿಲಲ್ಲಿ ಎರಡು ಸಲ ಹಿಂದಿರುಗಿ ನೋಡಿದರು.

ಮನೆಯಲ್ಲಿ ಪದ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾದಿದ್ದಳು. ಆ ಮನೆಯಲ್ಲಿ ರೊಟ್ಟಿಯ ಸದ್ದು ನಿಂತರೆ ಗಂಭೀರ ವಿಷಯ.

"ಏನ್ರಿ, ಓಣ್ಯಾಗ ಎಲ್ಲಾರೂ ನನಗ ಸಾಹುಕಾರ್ತಿ ಅನ್ನಾಕತ್ತಾರ. ಏನ ತಗೊಳ್ಳಾಕತ್ತೀರಿ ನೀವು?"

ಹೆಂಡತಿಯ ಮುಂದೆ ಮಾಲನ್ನು ಮುಚ್ಚಿಡುವುದು ಮಾಳಿಂಗರಾಯನಿಂದ ಆಗಲಿಲ್ಲ. ಫೋನು ತೋರಿಸಿದ. ಪದ್ಮವ್ವ ಗಂಟೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಗಂಟೆಯನ್ನು ನೋಡಿದಳು.

"ಇದಕ್ಕ ಅಷ್ಟ ರೊಕ್ಕಾನ?"

"ಹೋದ್ರ ಹೋಗ್ಲಿ. ಅವ್ವನ ನಿದ್ದಿಗಿಂತ ಹೆಚ್ಚಾತೇನ?"

"ಅಷ್ಟ ರೊಕ್ಕಾ ನಿಮ್ಮ ಹಂತ್ಯಾಕ ಎಲ್ಲಿಂದ ಬಂತ್ರಿ?"

"ಬೋರ್ಡ್ ಬರಸಾಕ ಅಂತ ತಗದ ಇಟ್ಟಿದ್ನೆಲ್ಲ!"

ಪದ್ಮವ್ವ ಒಲೆಯ ಪಕ್ಕದಲ್ಲಿ ಕುಸಿದು ಕೂತಳು. ಒಂದು ಬೋರ್ಡಿಗೆ ಮೂರು ಲಕ್ಷ ತೆಗೆದಿಟ್ಟ ಗಂಡನ ಜೊತೆ ಇಷ್ಟು ವರ್ಷ ಬಾಳಿದೆ ಎಂದು ಅವಳಿಗೆ ತಲೆ ಸುತ್ತಿತು. ತಮ್ಮನನ್ನು ಕರೆಸಿ ಎಲ್ಲ ಹೇಳಿದಳು. ಗೋಡೆಯ ಆಚೆ ಗುರುಬಸವ್ವನೂ ಕೇಳಿಸಿಕೊಂಡಳು, ಗಿರಣಿ ಅಂದು ಬೇಗ ಬಂದ್ ಆಗಿತ್ತು.

ಬಾಳಾಸಾಹೇಬ ಬುದ್ಧಿವಂತ. ನಿದ್ದೆಗೋಸ್ಕರ ಯಾರೂ ಮೂರು ಲಕ್ಷ ಕೊಡುವುದಿಲ್ಲ ಎಂಬಷ್ಟು ಲೋಕಜ್ಞಾನ ಅವನಿಗಿತ್ತು. ಹಾಗಾದರೆ ಗಂಟೆಯಲ್ಲೇ ಏನೋ ಇದೆ. ತಲಾಟಿಯವರನ್ನು ಕೇಳಿದ. ತಲಾಟಿಯವರು ತಿಳಿಯದ ವಿಷಯಕ್ಕೆ ತಿಳಿಯದು ಎನ್ನುವವರಲ್ಲ. "ಹಿಂದಕ ಕಂಚಿನಾಗ ಬಂಗಾರ ಕೂಡಸ್ತಿದ್ರು. ಕಾಗದಾ ಸಿಗೂದಿಲ್ಲ, ಆದ್ರ ಖರೆ," ಎಂದರು. ಗುರುಬಸವ್ವ ಅಷ್ಟಕ್ಕೇ ಬಿಡಲಿಲ್ಲ. "ಅದಕ್ಕs ಆ ಮುದುಕಿಗೆ ನಿದ್ದಿ ಇಲ್ಲ ನೋಡ್ರಿ. ಬಂಗಾರ ಹೋದ್ರ ಯಾರಿಗೆ ನಿದ್ದಿ ಬರತೈತಿ?"

ಮಾರನೆಯ ದಿನದಿಂದ ಮಾಳಿಂಗರಾಯನ ಅಂಗಡಿ ಶಾಲೆಯಾಯಿತು. ಬಾಳಾಸಾಹೇಬ, ಶಿವಯೋಗಿ, ಗುರುಬಸವ್ವ, ಸಂಜಯ, ನಾಲ್ವರೂ ಫೋನು ಹಿಡಿದು ಬಂದು ಸವಾಲಿನ ವಿದ್ಯೆ ಕಲಿಸು ಎಂದು ಕೂತರು. ತನ್ನ ಮಾತನ್ನು ನಾಲ್ಕು ಜನ ಕೂತು ಕೇಳುವುದು ಮಾಳಿಂಗರಾಯನ ಜೀವನದಲ್ಲಿ ಇದೇ ಮೊದಲು. ಹೆಮ್ಮೆಯಿಂದ ನಿದ್ದೆ ಹಾರಿಹೋಯಿತು.

"ನೋಡ್ರಿ, ಗಿಡಗ ಏನ ಮಾಡತೈತಿ? ಮ್ಯಾಲ ತಿರಗತೈತಿ. ಒದರತೈತೇನ?"

"ಇಲ್ರಿ," ಎಂದರು ನಾಲ್ವರೂ.

"ಮೊದಲs ಹೋಗಿ ಕೋಳಿಮರಿಗೆ, ನಾ ಇಷ್ಟ ಹೊತ್ತಿಗೆ ಬರತೇನಿ ಅಂತ ಹೇಳತೈತೇನ?"

"ಇಲ್ರಿ!"

"ಹಂಗs ನೀವೂ ಕಡೀ ಗಳಿಗಿ ತನಕಾ ಬೆರಳ ಮುಟ್ಟಸಬಾರದು. ಮೊದಲ ಮುಟ್ಟಿದಾವ ಕೆಟ್ಟ." ಹೀಗೆ ಹೇಳುವಾಗ ಅವನಿಗೆ ತನ್ನದೇ ನಾನೂರೈವತ್ತು ನೆನಪಾಗಿ ಕಿವಿ ಬಿಸಿಯಾಯಿತು, ಮಾತು ಮುಂದುವರಿಸಿದ.

ಯಾವ ಮಾಲಿಗಾಗಿ ಕಲಿಯುತ್ತಿದ್ದೀರಿ ಎಂದು ಗುರುಗಳು ಕೇಳಲಿಲ್ಲ. ಜನರಿಗೆ ವಿದ್ಯೆಯ ಮೇಲೇ ಪ್ರೀತಿ ಹುಟ್ಟಿದೆ ಎಂದು ತಿಳಿದಿದ್ದರು. ಅಮಾವಾಸ್ಯೆಯ ಹಿಂದಿನ ದಿನ ಪದ್ಮವ್ವನೇ ಕಣ್ಣು ತೆರೆಸಿದಳು. "ನಿಮಗ ತಿಳೀಲಿಲ್ಲೇನ್ರಿ? ಅವರೆಲ್ಲಾರೂ ನಿಮ್ಮ ಗಂಟಿಗೇ ಕುಂತಾರ."

ಮಾಳಿಂಗರಾಯ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಾಳಾಸಾಹೇಬನ ಮನೆಗೆ ಓಡಿದ.

"ಅದು ನಮ್ಮ ಅವ್ವನ ಗಂಟಿ ಅಲ್ಲೇನೋ! ಬಿಟ್ಟ ಕೊಡೋ!"

"ಗೊತ್ತೈತ್ರಿ ಮಾವಾರ. ಅದಕ್ಕs ಅದು ಹೊರಗ ಹೋಗಬಾರದು ಅಂತ ನಾ ಹಿಡೀತೇನಿ. ನನ್ನ ಹಂತ್ಯಾಕ ಇದ್ರ ಮನ್ಯಾಗ ಇದ್ದಂಗ. ಅಮಾಸಿಗೊಮ್ಮಿ ತಂದ ಬಾರಿಸಿ ಹೋಗತೇನಿ."

ಅಮಾವಾಸ್ಯೆಗೊಮ್ಮೆ ನಿದ್ದೆ! ಮಾಳಿಂಗರಾಯ ಬರಿಗಾಲಲ್ಲಿ ಮನೆಗೆ ಬಂದ. ತಾಯಿ ಮೂಲೆಯಲ್ಲಿ ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಅವನಿಗೆ ಬಹಳ ದುಃಖವಾಯಿತು. ಎಷ್ಟೆಂದರೆ, ಅಂದು ಮಧ್ಯಾಹ್ನ ಅವನೂ ಮಲಗಲಿಲ್ಲ.

ಅಮಾವಾಸ್ಯೆ ಬಂತು. ಪದ್ಮವ್ವ ಎಂದಿನಂತೆ ಹೋಳಿಗೆ ಮಾಡಿದ್ದಳು. ಗುರುವಿನ ಮೇಲೆ ಕಣ್ಣಿಡದೆ ಬಿಟ್ಟರೆ ಕೊನೆಯಲ್ಲಿ ಹೊಸ ಪಟ್ಟು ಹಾಕಿಬಿಡಬಹುದೆಂಬ ಅನುಮಾನದಿಂದ ಶಿಷ್ಯರು ನಾಲ್ವರೂ 'ಬೋರವ್ವ ಆಯಿಯನ್ನು ನೋಡಿ ಹೋಗೋಣ' ಎಂದು ಬಂದರು. ಊಟದ ಹೊತ್ತಿಗೆ ಬಂದವರಿಗೆ ಹಾಗೇ ಹೋಗಿ ಎನ್ನಲಾದೀತೇ? ಎಲೆ ಹಾಕಿದಳು. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಹೋಳಿಗೆ. ಆಮೇಲೆ ಕಟ್ಟಿನ ಸಾರು ಅನ್ನ, ಅದರ ಮೇಲೆ ಮಜ್ಜಿಗೆ.

ಊಟ ಮುಗಿಸಿ ಎಲ್ಲರೂ ಪಡಸಾಲೆಯ ಕಂಬಳಿಯ ಮೇಲೆ ಸಾಲಾಗಿ ಕೂತರು. ಪ್ರತಿಯೊಬ್ಬರ ಕೈಯಲ್ಲೂ ಫೋನು, ಪ್ರತಿಯೊಂದು ಫೋನಿನಲ್ಲೂ ಸರದಾರನ ಗಂಟೆ. ಬೆಲೆ ಇನ್ನೂ ಐನೂರಕ್ಕೇ ನಿಂತಿತ್ತು. ಯಾರೂ ಯಾರನ್ನೂ ನೋಡಲಿಲ್ಲ. ಹೊರಗೆ ಬಿಸಿಲು ರಣರಣ ಅನ್ನುತ್ತಿತ್ತು. ಹೊಸ್ತಿಲಲ್ಲಿ ಓಣಿಯ ಬೇಟೆನಾಯಿ ಉದ್ದಕ್ಕೆ ಮೈ ಚಾಚಿತ್ತು.

"ಯಾಕೋ ಎಲ್ಲಾರೂ ಸುಮ್ಮ ಕುಂತೀರಿ, ಯಾರರ ಸತ್ತಾರೇನ?" ಎಂದಳು ಬೋರವ್ವ. "ಮಾಳ್ಯಾ, ಸ್ವಲ್ಪ ಸರದಾರನ್ನ ಬಿಡೋ. ಅದs ಗಿಡಾ ಮೇದ್ರೂ ಮೇಯಲಿ."

ಇವತ್ತೇ ಕೊನೆ, ನಾಳೆಯಿಂದ ಈ ವಿಡಿಯೋ ಕೂಡ ಇರುವುದಿಲ್ಲವೇನೋ. ಮಾಳಿಂಗರಾಯ ಕಣ್ಣೊರೆಸಿಕೊಂಡು ವಿಡಿಯೋ ಒತ್ತಿದ. ಮುಗಿದರೆ ತಾನಾಗಿಯೇ ಮತ್ತೆ ಶುರುವಾಗುವಂತೆ ಮಾಡಿ ತಾಯಿಯ ತಲೆದೆಸೆಯಲ್ಲಿಟ್ಟ.

ಟಣ್. ಟಣ್. ಟ-ಟಣ್.

ಬೋರವ್ವ ಮೊದಲು ನಿದ್ದೆಗೆ ಹೋದಳು. ಬಾಳಾಸಾಹೇಬನೂ ಕುರುಬರ ಮನೆಯಲ್ಲೇ ಹುಟ್ಟಿದವನು. ಅವನ ಅಜ್ಜಿ ಅವನನ್ನು ಕಂಬಳಿಯಲ್ಲಿ ಸುತ್ತಿ ಹಿಂಡಿನ ಬದಿಯಲ್ಲಿ ಮಲಗಿಸಿದ್ದು ಅವನಿಗೆ ನೆನಪಿರಲಿಲ್ಲ, ಅವನ ರೆಪ್ಪೆಗಳಿಗೆ ನೆನಪಿತ್ತು. ಎತ್ತಿನ ದಲಾಲಿಯ ಬಾಯಿ ತೆರೆಯಿತು, ಟವೆಲ್ಲು ಜಾರಿ ಮುಖದ ಮೇಲೆ ಬಿತ್ತು. ಗುರುಬಸವ್ವ ಗಿರಣಿಯ ಸದ್ದಿನಲ್ಲೇ ಮಲಗಿ ರೂಢಿಯಾದವಳು, ನಾಲ್ಕು ಹೋಳಿಗೆ ತಿಂದಿದ್ದಳು, ಗೋಡೆಗೆ ಒರಗಿದಳು. ಸಂಜಯ ದಿನವೆಲ್ಲ ಬಿಸಿಲಲ್ಲಿ ತಿರುಗುವವನು, ನೆರಳು ಸಿಕ್ಕಿದ್ದೇ ತಡ ಮುದುಡಿಕೊಂಡ. ತಲಾಟಿಯವರಿಗೆ ಗಂಟೆಯ ಅಗತ್ಯವೇ ಇರಲಿಲ್ಲ, ಅದು ಅವರ ಕಚೇರಿಯ ಹೊತ್ತಾಗಿತ್ತು. ನಾಯಿಯೂ ಕಣ್ಣು ಮುಚ್ಚಿತು.

ತಾನೊಬ್ಬನೇ ಎಚ್ಚರವಿರುವುದನ್ನು ಮಾಳಿಂಗರಾಯ ಕಂಡ. ಈಗಲೇ, ಈಗಲೇ ಗಿಡುಗನ ಪಟ್ಟು ಹಾಕಬೇಕು ಎಂದುಕೊಂಡು ತಾಯಿಯ ತಲೆದೆಸೆಯ ಫೋನಿನ ಮೇಲೆ ಹೆಬ್ಬೆರಳು ಎತ್ತಿದ. ಎತ್ತಿದ್ದು ಎತ್ತಿದಂತೆಯೇ ಉಳಿಯಿತು.

ಅವನು ಕೊಯ್ದು ಬಿಟ್ಟ ಜೋಳದ ಹೊಲದಲ್ಲಿ ನಡೆಯುತ್ತಿದ್ದ. ಎರೆಮಣ್ಣು ಕಾಲಿಗೆ ತಣ್ಣಗಿತ್ತು. ಮುಂದೆ ಅಪ್ಪ ಕಂಬಳಿ ಹೊದ್ದು ಹೋಗುತ್ತಿದ್ದ, ಹಿಂದಿರುಗಿ ನೋಡಲಿಲ್ಲ, ಆದರೆ ಕೋಪವೂ ಇರಲಿಲ್ಲ. ಕುರಿಗಳೆಲ್ಲ ಬಿಳಿ ಮೋಡಗಳಾಗಿ ಕಾಲಿನ ಸುತ್ತ ಹರಿದುಹೋದವು. ಸರದಾರ ಮಾತ್ರ ನಿಂತು, ಟವೆಲ್ಲು ಹೊದಿಸಿದ ಮುಂಗಾಲನ್ನು ಮುಂದೆ ಚಾಚಿತು. ಮಾಳಿಂಗರಾಯ ಟವೆಲ್ಲಿನ ಕೆಳಗೆ ಅದರ ಗೊರಸು ಹಿಡಿದು ಮೂರು ಸಲ ಒತ್ತಿದ. ಸರದಾರ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ, ಆತು ಬಿಡು, ಎಂಬಂತೆ ತಲೆ ಆಡಿಸಿತು.

"ಏನ್ರಿ ಇದು! ಎಲ್ಲಾರೂ ಮಲಗೀರಿ! ನಿಮ್ಮ ಸವಾಲ ಮುಗೀತೇನ?"

ಪಾತ್ರೆ ತಿಕ್ಕಿ, ಚಹಾ ಮಾಡಿಕೊಂಡು ಪದ್ಮವ್ವ ಹೊರಗೆ ಬಂದಿದ್ದಳು. ಆರು ಜನ, ಒಂದು ನಾಯಿ, ಎಲ್ಲರೂ ಒಟ್ಟಿಗೇ ಎದ್ದರು. ಗಡಿಯಾರ ನೋಡಿದರು, ಫೋನು ನೋಡಿದರು. ಸವಾಲು ಯಾವಾಗಲೋ ಮುಗಿದುಹೋಗಿತ್ತು.

"ಹೋತು! ಬಂಗಾರದ ಗಂಟಿ ಹೋತು!" ಎಂದು ಗುರುಬಸವ್ವ ಎದೆ ಬಡಿದುಕೊಂಡಳು.

"ಹೋಳಿಗಿ ತಿನಿಸಿ ಮಲಗಿಸ್ಯಾರ. ಇದು ಸಂಚು," ಎಂದರು ತಲಾಟಿಯವರು, ಚಹಾ ತೆಗೆದುಕೊಳ್ಳುತ್ತ.

ಮಾಳಿಂಗರಾಯ ಫೋನನ್ನು ಮುಟ್ಟಲಿಲ್ಲ. ತಾಯಿಯ ಕಾಲ ಬಳಿ ಕೂತು ಎಲ್ಲರ ಎದುರಿಗೇ ಅತ್ತುಬಿಟ್ಟ. "ಯವ್ವಾ, ಒಂದ ಸಲಾ ಎಚ್ಚರ ಇರೂ ಕೆಲಸ ಇತ್ತು ನನಗ. ಅದೂ ಆಗಲಿಲ್ಲ." ಬೋರವ್ವ ಅವನ ತಲೆ ಸವರಿದಳು.

ಪದ್ಮವ್ವ ತಲೆದೆಸೆಯ ಫೋನು ಎತ್ತಿಕೊಂಡು ಗಂಟೆಯ ಸದ್ದು ನಿಲ್ಲಿಸಿದಳು. ಪರದೆಯ ಮೇಲೆ ಏನೋ ಬಂದಿತ್ತು. ಅವಳು ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದಿದಳು. "ಅಭಿನಂದನೆಗಳು. ಸವಾಲು ನಿಮ್ಮದಾಗಿದೆ. ನಿಮ್ಮ ಗರಿಷ್ಠ ಬೆಲೆ ಮೂರು ಸಾವಿರ. ನೀವು ಕೊಡಬೇಕಾದದ್ದು ಐನೂರು."

ವಿಡಿಯೋದ ಮೂರನೆಯ ಗುಟ್ಟು ಇದೇ ಆಗಿತ್ತು. ನಿನ್ನ ಕಟ್ಟಕಡೆಯ ಬೆಲೆಯನ್ನು ಒಮ್ಮೆ ಯಂತ್ರಕ್ಕೆ ಹೇಳಿಟ್ಟರೆ ಸಾಕು, ಅದು ಯಾರಿಗೂ ತೋರಿಸದೆ ಇಟ್ಟುಕೊಂಡು, ಬೇರೆಯವರು ಏರಿಸಿದಾಗ ಬೇಕಾದಷ್ಟೇ ಏರಿಸುತ್ತ ನಿನ್ನ ಪರವಾಗಿ ನಿಲ್ಲುತ್ತದೆ, ನೀನು ಹೋಗಿ ಮಲಗು. ಸಾತಾರದ ಯಾರೋ ಒಂದೆರಡು ಸಲ ಏರಿಸಿ ಬಿಟ್ಟುಕೊಟ್ಟಿದ್ದರು. ಉಳಿದ ನಾಲ್ವರು ಗುರುವಿನ ಮಾತಿಗೆ ಕಟ್ಟುಬಿದ್ದು ಕೊನೆಯ ತನಕ ಬೆರಳು ಮುಟ್ಟಿಸಿರಲಿಲ್ಲ. ಅಂದು ಆ ಪಡಸಾಲೆಯಲ್ಲಿ ಎಚ್ಚರವಿದ್ದದ್ದು ಯಂತ್ರವೊಂದೇ.

ಬಾಳಾಸಾಹೇಬ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ. "ಮೂರ ಸಾವಿರಾ? ಮಾವಾರ, ನೀವು ಮೂರ ಲಕ್ಷಾ ಅಂದಿದ್ರಿ!"

"ಲಕ್ಷಾ ಅಂತ ಯಾವಾಗ ಅಂದೆನೋ? ಮೂರ ಬೆರಳ ಒತ್ತಿದ್ನೆಪಾ!"

"ನನ್ನ ಕೈಯಾಗ ಬೆರಳಿಗೆ ಸಾವಿರ ಅಂದ್ರ ಆಡಿನ ಮರೀನೂ ಎದ್ದ ನಿಂದರೂದಿಲ್ರಿ!"

ಪದ್ಮವ್ವ ಮೊದಲು ನಕ್ಕಳು. ಗಂಡ ಬಡವನೇ ಎಂದು ಖಾತ್ರಿಯಾದ ನೆಮ್ಮದಿಗೆ ಅವಳ ನಗು ನಿಲ್ಲಲೇ ಇಲ್ಲ. ಬಂಗಾರ ಇಲ್ಲದ ಗಂಟೆಗೆ ತಾವು ಬಂದದ್ದು ತಿಳಿದು ಉಳಿದವರೂ ನಗತೊಡಗಿದರು. ತಲಾಟಿಯವರು ಇನ್ನೊಂದು ಚಹಾ ಕೇಳಿದರು.

ಗಂಟೆ ಕೊರಿಯರ್‌ನಲ್ಲಿ ಬಂದ ದಿನ ಎಲ್ಲರೂ ಮತ್ತೆ ಸೇರಿದರು. ಬೋರವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಹಾರಿಹೋದ ಅಂಚಿನ ಮೇಲೆ ಬೆರಳಾಡಿಸಿದಳು. "ಲೋಕಾಪುರದ ಕಲ್ಲು," ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮಗನ ಕಣ್ಣಲ್ಲೂ.

ಆಕೆಯನ್ನು ಮಲಗಿಸಿ ಮಾಳಿಂಗರಾಯ ಗಂಟೆ ಎತ್ತಿ ಬಾರಿಸಿದ. ಬೋರವ್ವ ದಿಗ್ಗನೆ ಎದ್ದು ಕೂತು ಕೈ ಮುಗಿದಳು. "ಹಿಂಗ ಬಾರಿಸಿದ್ರ ಗುಡಿ ಪೂಜಿ ಆಕ್ಕತಿ. ಮಲಗೂದು ಹೆಂಗ?"

ಬಾಳಾಸಾಹೇಬ ಪ್ರಾಯಶ್ಚಿತ್ತಕ್ಕೆಂದು ತನ್ನ ಎತ್ತಿನ ಕೊರಳಿಗೆ ಕಟ್ಟಿ ಅಂಗಳದಲ್ಲಿ ನಡೆಸಿದ. "ಇದು ಎತ್ತಿನ ನಡಿಗಿ. ಗಾಡಿ ಬಂದಂಗ ಆತು, ಯಾರ ಬಂದ್ರಂತ ಎದ್ದ ನೋಡಬೇಕಾಕ್ಕತಿ," ಎಂದಳು ಬೋರವ್ವ. ಗುರುಬಸವ್ವ ಗಿರಣಿಯ ತಿರುಗುವ ಪಟ್ಟಿಗೆ ಕಟ್ಟೋಣ ಎಂದಳು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಮಾಳಿಂಗರಾಯ ಅಂಗಡಿಯಿಂದ ಒಂದು ಒಳ್ಳೆಯ ಹಗ್ಗ ತಂದ. ಗಂಟೆಯನ್ನು ಪೋಣಿಸಿ ತನ್ನ ಕೊರಳಿಗೇ ಕಟ್ಟಿಕೊಂಡು ಅಂಗಳಕ್ಕೆ ಇಳಿದ.

"ಹಂಗ ದಬದಬಾ ಹೋಗಬ್ಯಾಡೋ," ಎಂದು ಬೋರವ್ವ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. "ಎರಡ ಹೆಜ್ಜಿ ಇಡು. ನಿಂದರು. ತಲಿ ಬಗ್ಗಸು. ಹಾಂ. ಈಗ ಬ್ಯಾರೆ ಗಿಡಕ್ಕ ಹೋಗು."

ಟಣ್. ಟ-ಟಣ್. ಮಾಳಿಂಗರಾಯ ತುಳಸಿಕಟ್ಟೆಯಿಂದ ನುಗ್ಗೆಗಿಡಕ್ಕೆ, ನುಗ್ಗೆಗಿಡದಿಂದ ಒಗೆಯುವ ಕಲ್ಲಿಗೆ ಮೇಯುತ್ತ ಹೋದ. ಗಿರಾಕಿಗಳು ಅಂಗಡಿಯಲ್ಲಿ ಅಂಗೈ ಸಿಗದೆ ದುಡ್ಡನ್ನು ಮನೆಗೇ ತಂದು, ಈ ದೃಶ್ಯ ಕಂಡು, ಕಟ್ಟೆಯ ಮೇಲೆ ಇಟ್ಟು ಸದ್ದಿಲ್ಲದೆ ಹೋದರು. ತಲಾಟಿಯವರು ಏನೋ ಕೇಳಲು ಬಾಯಿ ತೆರೆದರು. ಪದ್ಮವ್ವ ತುಟಿಯ ಮೇಲೆ ಬೆರಳಿಟ್ಟಳು, ಸರಕಾರ ಸುಮ್ಮನಾಯಿತು.

ಬೋರವ್ವನ ಕಣ್ಣುಗಳು ಮುಚ್ಚಿದ್ದವು. ಉಸಿರು ಉದ್ದಕ್ಕೆ ಹೋಗಿ ಬರುತ್ತಿತ್ತು. ಮಾಳಿಂಗರಾಯನಿಗೂ ನಿದ್ದೆ ಎಳೆಯುತ್ತಿತ್ತು. ಹುಟ್ಟಿದಾಗಿನಿಂದ ಅವನನ್ನು ಗೆದ್ದ ಆ ನಿದ್ದೆಗೆ ಆತ ಅಂದು ಸೋಲಲಿಲ್ಲ. ಒಂದು ಹೆಜ್ಜೆ ಇಟ್ಟ, ನಿಂತ, ತಲೆ ಬಗ್ಗಿಸಿದ. ಗೋಡೆಯ ಅಂಚಿನ ತನಕ ಹೋದಾಗ ಒಳಗಿನಿಂದ ಅರೆನಿದ್ದೆಯ ದನಿ ಬಂತು.

"ಬಾಳ ದೂರ ಹೋಗಬ್ಯಾಡೋ, ಸರದಾರ."

"ಇಲ್ಲ ಯವ್ವಾ," ಎಂದ ಮಾಳಿಂಗರಾಯ ಮೆಲ್ಲಗೆ. "ಇಲ್ಲೇ ಮೇಯಾಕತ್ತೇನಿ."